ಒಂದು ‘ಪಿ’ ಕಡಿಮೆ ಬಿದ್ದಾಗ

ಇಂಗ್ಲಿಷ್ ಕಾಗುಣಿತ ನನಗೆ ಇವತ್ತಿಗೂ ಸರಿಯಾಗಿ ಬರುವುದಿಲ್ಲ. ಸವಣೂರಿನಲ್ಲಿ ಕಂಪ್ಯೂಟರ್ ಕಲಿಸಿ ಹೊಟ್ಟೆ ಹೊರೆಯುವವನು ಇದನ್ನು ಬಾಯಿಬಿಟ್ಟು ಹೇಳಬಾರದು, ಹೇಳಿಬಿಟ್ಟೆ. ಬೋರ್ಡಿನ ಮೇಲೆ ಅನುಮಾನದ ಅಕ್ಷರ ಬಂದಾಗ ಅದನ್ನು ಕೋಳಿಕಾಲು ಮಾಡಿ ಬರೆಯುವುದು ನನ್ನ ಹಳೆಯ ಯುಕ್ತಿ.

ನಮ್ಮ ತರಗತಿಯಲ್ಲಿ ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದಕ್ಕೇ ಎಂಟೂ ಕಂಪ್ಯೂಟರುಗಳಲ್ಲಿ ಒಂದು ಪುಕ್ಕಟೆ ಸಲಕರಣೆ ಹಾಕಿಟ್ಟಿದ್ದೆ. ಕಪ್ಪು ಪರದೆಯಲ್ಲಿ ಪ್ರೋಗ್ರಾಮಿಂಗಿನ ಯಾವುದೇ ಪದ ಟೈಪ್ ಮಾಡಿದರೆ, ನೆಟ್ ಇಲ್ಲದೆಯೂ ಅದರ ವಿವರಣೆ ತೆರೆದುಕೊಳ್ಳುತ್ತದೆ. ದೂರದೇಶದ ನಾಲ್ಕಾರು ಜನ ಬಿಡುವಿನಲ್ಲಿ ಮಾಡಿದ್ದು. ಒಳ್ಳೆಯ ಕೆಲಸವೇ. ಆದರೆ ಒಂದಕ್ಷರ ತಪ್ಪಿದರೂ ‘ಸಿಗಲಿಲ್ಲ’ ಎಂದು ಒಂದೇ ಸಾಲು ಹೇಳಿ ಸುಮ್ಮನಾಗುತ್ತಿತ್ತು.

ನನ್ನ ವಿದ್ಯಾರ್ಥಿನಿ ನಸೀಮಾ ನಲವತ್ತು ದಾಟಿದವರು, ಬ್ಲೌಸು, ಚೂಡಿದಾರ ಹೊಲಿಯುವವರು. ಅಳತೆ ಕೊಟ್ಟರೆ ಎಷ್ಟು ಬಟ್ಟೆ ಬೇಕೆಂದು ಹೇಳುವ ಪ್ರೋಗ್ರಾಂ ಒಂದನ್ನು ತಾವೇ ಬರೆಯಬೇಕೆಂಬುದು ಅವರ ಹಟ. ಒಂದು ಮಧ್ಯಾಹ್ನ ಚೀಲ ಹೆಗಲಿಗೇರಿಸಿ ಎದ್ದು ನಿಂತರು.

“ಸರ್, ನಾಳಿಂದ ನಾ ಬರಂಗಿಲ್ರಿ.”

“ಯಾಕ್ರೀ, ಏನಾತು?”

“ಏನ್ ಕೇಳಿದ್ರೂ ಈ ಮಷಿನ್ ಇಲ್ಲ ಅಂತೈತ್ರಿ. ನನ್ನ ತಲಿನ ದಡ್ಡ ಐತಿ. ನಮ್ಮ ಅತ್ತಿನೂ ಹಿಂಗ ಇದ್ರು. ಇನ್ನ ಈ ವಯಸ್ಸಿನ್ಯಾಗ ಮತ್ತೊಬ್ಬ ಅತ್ತಿ ಬ್ಯಾಡ್ರಿ ನನಗ.”

ಪರದೆ ನೋಡಿದೆ. ಪಟ್ಟಿಗೆ ಹೊಸ ಅಳತೆ ಸೇರಿಸಲು ‘ಅಪೆಂಡ್’ ಎಂಬ ಪದ ಬೇಕಿತ್ತು. ಅದಕ್ಕೆ ಎರಡು ‘ಪಿ’. ಅವರು ಒಂದೇ ಹಾಕಿದ್ದರು. ಹಿಂದಿನ ವಾರ ನಾನೂ ಅಲ್ಲೇ ಎಡವಿದ್ದೆ. ವ್ಯತ್ಯಾಸವೆಂದರೆ ನಾನು ಕಂಪ್ಯೂಟರನ್ನು ಬೈದಿದ್ದೆ, ಅವರು ತಮ್ಮನ್ನೇ ಬೈದುಕೊಂಡು ಹೊರಟಿದ್ದರು.

“ಎರಡ ದಿನ ತಡೀರಿ,” ಎಂದೆ.

ಸಿಟ್ಟು ಬಂದಿತ್ತು. ಹಿಂದೊಮ್ಮೆ ಆಡೂರಿನ ಶಾಸನ ನೋಡಲು ಹೋದಾಗ ಜೊತೆಗಿದ್ದ ಕನ್ನಡ ಮೇಷ್ಟ್ರು ಹೇಳಿದ್ದರು: ಕಲ್ಲು ಕೊರೆಯುವವನೂ ಒಮ್ಮೊಮ್ಮೆ ಅಕ್ಷರ ನುಂಗುತ್ತಾನೆ, ಓದುವವರು ಅಕ್ಕಪಕ್ಕ ನೋಡಿ ತುಂಬಿಕೊಳ್ಳುತ್ತಾರೆ. ಕಲ್ಲಿಗೆ ಸಿಗುವ ಈ ರಿಯಾಯಿತಿ ನಸೀಮಾ ಅವರಿಗೆ ಯಾಕಿಲ್ಲ?

ಎರಡು ದಿನ ಅಂದದ್ದು ನಾಲ್ಕಾಯಿತು. ಸಲಕರಣೆಯ ಒಳಗನ್ನು ಬಿಚ್ಚಿ, ಪದ ತಪ್ಪಿದರೆ ಹತ್ತಿರದ ಪದಗಳನ್ನು ಮುಂದಿಟ್ಟು ‘ಇವುಗಳಲ್ಲಿ ಯಾವುದು?’ ಎಂದು ಕೇಳುವಂತೆ ಮಾಡಿದೆ. ವಿವರಣೆಯ ಬುಡದಲ್ಲಿ ಹೂತುಹೋಗಿದ್ದ ಉದಾಹರಣೆಯನ್ನು ಎತ್ತಿ ತಲೆಯ ಮೇಲೆ ಕೂರಿಸಿದೆ. ನಸೀಮಾ ಮತ್ತೆ ಬಂದು ಕುಳಿತರು. ಆ ಹುಮ್ಮಸ್ಸಿನಲ್ಲಿ ಸಲಕರಣೆ ಮಾಡಿದ ದೂರದೇಶದವರಿಗೂ ನನ್ನ ತಿದ್ದುಪಡಿ ಕಳಿಸಿದೆ.

ಉತ್ತರ ಬಂತು: ಇದು ತಿಳಿದವರಿಗಾಗಿ ಮಾಡಿದ್ದು, ಕಾಗುಣಿತ ಬಾರದವರು ಮೊದಲು ಅದನ್ನು ಕಲಿಯಲಿ. ಆ ಪತ್ರದ ನೆತ್ತಿಯಲ್ಲಿ ನನ್ನ ಹೆಸರನ್ನೇ ತಪ್ಪು ಬರೆದಿದ್ದರು.

ನಸೀಮಾ ಅವರಿಗೆ ತೋರಿಸಿದೆ. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ.

“ಹೆಸರು ತಪ್ಪಿದ್ರೂ ಪತ್ರ ನಿಮಗ ಬಂದು ಮುಟ್ಟೈತಲ್ರಿ ಸರ್. ಹಂಗ ನನ್ನ ಮಾತೂ ಮುಟ್ಟಬೇಕ್ರಿ.”

ಆ ಮಾತನ್ನೇ ಇಂಗ್ಲಿಷಿಗೆ ತಿರುಗಿಸಿ ಕಳಿಸಿದೆ, ಬೇಕೆಂದೇ ನಿಘಂಟು ನೋಡದೆ. ವಾರದ ಮೇಲೆ ಅವರು ಸ್ವಲ್ಪ ಮೆತ್ತಗಾದರು. ಸೇರಿಸುತ್ತೇವೆ, ಆದರೆ ಮುಚ್ಚಿಟ್ಟಿರುತ್ತೇವೆ; ಬೇಕಾದವರು ಇಂಥದೊಂದು ಪದ ಟೈಪ್ ಮಾಡಿ ತೆರೆದುಕೊಳ್ಳಲಿ ಎಂದರು. ಆ ಪದವೋ ಒಂದು ಮೊಳ ಉದ್ದ. ಅದನ್ನು ತಪ್ಪಿಲ್ಲದೆ ಟೈಪ್ ಮಾಡಬಲ್ಲವರಿಗೆ ನನ್ನ ತಿದ್ದುಪಡಿಯ ಗರಜೇ ಇಲ್ಲವಲ್ಲ!

ಇಷ್ಟು ವರ್ಷ ಯಾರು ಏನು ಕೇಳಿದರೂ ‘ನೋಡೋಣ’ ಎನ್ನುತ್ತಿದ್ದ ನಾನು ಅಂದು ‘ಆಗುವುದಿಲ್ಲ’ ಎಂದು ಬರೆದೆ. ತಿದ್ದಿದ ನಮ್ಮ ಪ್ರತಿಯನ್ನು ನಾವೇ ಇಟ್ಟುಕೊಂಡೆವು. ಹಾನಗಲ್ಲಿನ ಒಬ್ಬರು, ಹಿರೇಕೆರೂರಿನ ಒಬ್ಬರು ಮೇಷ್ಟ್ರು ತಮ್ಮ ತರಗತಿಗೂ ಒಯ್ದಿದ್ದಾರೆ.

ನಸೀಮಾ ಅವರ ಪ್ರೋಗ್ರಾಂ ಈಗ ನಡೆಯುತ್ತಿದೆ. ತೋಳಿಗೆ ಮಾತ್ರ ಪ್ರತಿಸಲ ಅರ್ಧ ಮೀಟರ್ ಬಟ್ಟೆ ಹೆಚ್ಚು ಕೇಳುತ್ತದೆ. ಮೊನ್ನೆ ಸರಿಮಾಡಿ ಕೊಡೋಣವೆಂದು ಕೀಬೋರ್ಡಿಗೆ ಕೈ ಚಾಚಿದೆ.

“ಕೈ ತಗೀರಿ ಸರ್,” ಎಂದರು. “ನನ್ನ ತಪ್ಪು ಐತಿ. ನಾನ ಹುಡುಕ್ತೇನಿ.”

ತೆಗೆದೆ.