ಖಾಜಾಸಾಬರ ಕೈ ತಟ್ಟಿದ ಸಂಜೆ

ನಾನು ಇಂಥದ್ದೊಂದನ್ನು ಬರೆಯುತ್ತೇನೆಂದು ಯಾರಾದರೂ ಕೆಲವು ವರ್ಷಗಳ ಹಿಂದೆ ಹೇಳಿದ್ದರೆ ಅವರೊಡನೆ ಜಗಳಕ್ಕೆ ನಿಲ್ಲುತ್ತಿದ್ದೆ. ಜಗಳವೆಂದರೆ ಕೂಗಾಟವಲ್ಲ, ವಾದ. ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಗಳಿಗೆಂದು ಊರೂರು ತಿರುಗಿದವಳು ನಾನು. ದೆವ್ವ ಕಂಡೆ, ಮೈಮೇಲೆ ಬಂತು, ಸತ್ತ ಅಜ್ಜ ಕನಸಿನಲ್ಲಿ ಬಂದು ಹೇಳಿದ ಎನ್ನುವವರು ಎದುರಿಗೆ ಸಿಕ್ಕರೆ ನನಗೆ ಹಬ್ಬ. ಬೆಳಕಿತ್ತೇ? ಹೊಟ್ಟೆಗೆ ಊಟ ಬಿದ್ದಿತ್ತೇ? ನಿನ್ನ ಹೊರತು ಯಾರು ನೋಡಿದರು? ಇಷ್ಟು ಕೇಳುವಷ್ಟರಲ್ಲಿ ಅವರ ಕಥೆಯ ಗಾಳಿ ಅರ್ಧ ಇಳಿದಿರುತ್ತಿತ್ತು.

ಇಂಥ ಕಥೆಗಳೆಲ್ಲ ಕತ್ತಲಲ್ಲಿ, ಕರೆಂಟು ಹೋದಾಗ, ಒಬ್ಬರೇ ಇದ್ದಾಗಲೇ ನಡೆಯುತ್ತವೆ, ನೀವೂ ಗಮನಿಸಿರಬಹುದು. ನನ್ನದು ಹಾಗಲ್ಲ. ಅದೇ ನನ್ನ ತೊಂದರೆ. ಹೊತ್ತು ಇನ್ನೂ ಮುಳುಗಿರಲಿಲ್ಲ. ಕರೆಂಟು ಇತ್ತು. ಪಕ್ಕದ ಮನೆಯ ಟಿವಿಯಲ್ಲಿ ಯಾವುದೋ ಧಾರಾವಾಹಿಯ ಅತ್ತೆ ಸೊಸೆಯನ್ನು ಬೈಯುತ್ತಿದ್ದಳು. ನನ್ನ ಹೊರತು ಆ ಕೋಣೆಯಲ್ಲಿ ಐದು ಜನರಿದ್ದರು.

ರೇಷ್ಮಾ ಮತ್ತು ನಾನು ಕೊಪ್ಪಳದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯರು. ನಾನು ಗಂಗಾವತಿಯವಳು, ಅವಳು ತಳಕಲ್ಲಿನವಳು. ಒಂದು ಮಧ್ಯಾಹ್ನ ಬುತ್ತಿ ಬಿಚ್ಚುತ್ತ ಅವಳು ಕೇಳಿದಳು:

“ಲೇ, ಮಾತ್ನ್ಯಾಗ ಯಾರನ್ನಾದ್ರೂ ಸೋಲಸ್ತಿ ಅಲ್ಲ ನೀನು? ನಮ್ಮೂರಿಗೆ ಬಂದು ಮೂರು ಮಂದೀನ್ನ ಸೋಲಸಬೇಕಾಗೈತಿ.”

“ಯಾರವರು?”

“ನಮ್ಮಪ್ಪನ ಅಭಿಮಾನಿಗಳು.”

ತಮಾಷೆಯೆಂದುಕೊಂಡೆ. ಅವಳು ನಗಲಿಲ್ಲ.

ಅವಳ ತಂದೆ ಖಾಜಾಸಾಬರು ಒಂದು ಕಾಲಕ್ಕೆ ನಾಲ್ಕು ಜನರ ಹಾಡಿನ ಮೇಳವೊಂದರಲ್ಲಿ ದಪ್ಪು ಬಾರಿಸುತ್ತಿದ್ದರು. ಸುತ್ತಲಿನ ಹಳ್ಳಿಗಳಲ್ಲಿ ಅದಕ್ಕೆ ತಳಕಲ್ ಮೇಳ ಎನ್ನುತ್ತಿದ್ದರಂತೆ. ಇಬ್ಬರು ಹಿಂದೂಗಳು, ಇಬ್ಬರು ಮುಸಲ್ಮಾನರು. ಮೊಹರಂನಲ್ಲಿ ಶೋಕದ ರಿವಾಯತ ಪದ, ಶ್ರಾವಣದಲ್ಲಿ ತತ್ವಪದ. ಹಾರ್ಮೋನಿಯಂ ಇಲ್ಲ, ತಬಲಾ ಇಲ್ಲ. ಒಂದು ದಪ್ಪು, ನಾಲ್ಕು ಗಂಟಲು, ಅಷ್ಟೇ. ದೊಡ್ಡ ವೇದಿಕೆಗೆ ಅವರನ್ನು ಯಾರೂ ಕರೆಯಲಿಲ್ಲ. ಅವರಿಗಿಂತ ಕಡಿಮೆ ಹಾಡುವವರು ಜರಿ ರುಮಾಲು ಸುತ್ತಿ ಹೆಸರು ಮಾಡಿದರು. ಆದರೆ ತಳಕಲ್ ಮೇಳವನ್ನು ಒಮ್ಮೆ ಕೇಳಿದವರು ಮತ್ತೊಂದನ್ನು ಒಪ್ಪುತ್ತಿರಲಿಲ್ಲ ಎಂದು ರೇಷ್ಮಾ ಹೇಳಿದಳು. ಹೇಳುವಾಗ ಅವಳ ದನಿಯಲ್ಲಿ ಹೆಮ್ಮೆಯೂ ಇತ್ತು, ಸಿಟ್ಟೂ ಇತ್ತು.

ಸಿಟ್ಟು ಯಾಕೆಂದರೆ, ಮೇಳದ ಮೂವರು ತೀರಿಹೋಗಿದ್ದರು. ಉಳಿದ ಖಾಜಾಸಾಬರಿಗೆ ಲಕ್ವಾ ಹೊಡೆದು ಬಲಭಾಗ ಬಿದ್ದುಹೋಗಿತ್ತು, ಮಾತೂ ಹೋಗಿತ್ತು. ಹಳೆಯ ಅಭಿಮಾನಿಗಳು ಮೂವರು ಪ್ರತಿ ಶುಕ್ರವಾರ ಟೇಪ್‌ರೆಕಾರ್ಡರ್ ಹೊತ್ತು ಬಂದು, ಮೇಳ ಹಾಡಿದ್ದ ಒಂದೇ ಒಂದು ಕ್ಯಾಸೆಟ್ಟನ್ನು ಅವರಿಗೆ ಕೇಳಿಸುತ್ತಿದ್ದರು. ಪದ ಕೇಳಿ ಕೇಳಿ ನಾಲಿಗೆ ಮರಳುತ್ತದೆ ಎಂಬ ನಂಬಿಕೆ.

“ಅವ್ರು ಹೋದ್ಮ್ಯಾಲೆ ಅಪ್ಪ ಅಳ್ತಾನ. ಊಟಾ ಮುಟ್ಟಂಗಿಲ್ಲ. ಎಡಗೈಲೆ ಮಂಚ ಬಡಕೋತ, ಬಡಕೋತ ಬೆಳಕ ಹರಸ್ತಾನ. ಮೈಯಾಗ ಏನೂ ಉಳದಿಲ್ಲ, ಹಿಂಗಾದ್ರ ಎಷ್ಟ ದಿನ ತಾಳ್ತಾನ? ನಾ ಬರಬ್ಯಾಡ್ರಿ ಅಂದ್ರ, ಸಣ್ಣಾಕಿ ನಿನಗೇನ ಗೊತ್ತೈತಿ ಅಂತಾರ. ನೀ ಬಂದು ಹೇಳು.”

ಮುಂದಿನ ಶುಕ್ರವಾರ ಅವಳ ಜೊತೆ ಹೋದೆ. ವಾದ ಗೆಲ್ಲುವುದು ಖಂಡಿತವೆಂದುಕೊಂಡೇ ಹೋದೆ.

ಮೂವರೂ ಆಗಲೇ ಬಂದು ಕೂತಿದ್ದರು. ಕುಷ್ಟಗಿಯ ಶಂಕ್ರಪ್ಪ, ನಿವೃತ್ತ ಬಸ್ ಕಂಡಕ್ಟರು. ಮೇಳದ ಹಾಡು ನಡೆದಿದ್ದ ಊರಲ್ಲಿ ಟೈರು ನೋಡಬೇಕೆಂದು ನೆವ ಹೇಳಿ ಬಸ್ಸನ್ನೇ ನಿಲ್ಲಿಸುತ್ತಿದ್ದವರು. ಯಲಬುರ್ಗಾದ ದರ್ಜಿ ಮಹಬೂಬಸಾಬರು, ಕ್ಯಾಸೆಟ್ಟಿಗೆ ಮಖಮಲ್ಲಿನ ಚೀಲ ಹೊಲಿದವರು. ಇರಕಲ್ಲಗಡದ ನಿಂಗಮ್ಮ, ಶಾಲೆಯ ಬಿಸಿಯೂಟದ ಅಡುಗೆಯವಳು. ಖಾಜಾಸಾಬರು ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಕಣ್ಣು ಮಾತ್ರ ಅವರದಾಗಿತ್ತು, ಉಳಿದ ಮೈ ಬೇರೆ ಯಾರದೋ ಎಂಬಂತಿತ್ತು. ನಾನು ಮಂಚದ ಪಕ್ಕ ಚಾಪೆಯ ಮೇಲೆ ಕೂತು ನೇರವಾಗಿ ಶುರು ಮಾಡಿದೆ. ಹಾಡು ಕೇಳಿ ಲಕ್ವಾ ಗುಣವಾಗುತ್ತದೆ ಎನ್ನಲು ನಿಮ್ಮ ಬಳಿ ಏನು ಪುರಾವೆ ಇದೆ?

“ಗುಣ ಆಗಂಗಿಲ್ಲ ಅನ್ನಾಕ ನಿಮ್ಮಂತ್ಯಾಕ ಏನ್ ಪುರಾವೆ ಐತ್ರಿ ವಕೀಲ್ರ?” ಎಂದರು ಶಂಕ್ರಪ್ಪ.

“ನಾನು ವಕೀಲೆ ಅಲ್ಲ. ಆಗುತ್ತದೆ ಎನ್ನುವವರೇ ತೋರಿಸಬೇಕು.”

“ಟಿಕೆಟ್ ಕೊಟ್ಟಾಂವನ ಕಡೇನ ಟಿಕೆಟ್ ಕೇಳಿದಂಗಾತು ಇದು.”

ನಿಂಗಮ್ಮ ಎಲೆಗೆ ಸುಣ್ಣ ಹಚ್ಚುತ್ತ, “ಪುರಾವೆ ಅಂದ್ರ ಏನ ಯವ್ವಾ? ಸಾರಿಗೆ ಹಾಕ್ತಾರೇನು?” ಎಂದಳು. ಎಲ್ಲರೂ ನಕ್ಕರು. ನನಗೆ ಇಂಥ ನಗು ಹೊಸದಲ್ಲ. ಸಭೆ ನಕ್ಕಾಗ ಕಾಯಬೇಕು, ನಗು ನಿಂತ ಮೇಲೆ ಮೆಲ್ಲಗೆ ಕೇಳಬೇಕು. ಹಾಗೆಯೇ ಕೇಳಿದೆ. ನೀವು ಹೋದ ಮೇಲೆ ಇವರು ರಾತ್ರಿಯೆಲ್ಲ ಅಳುತ್ತಾರೆ, ಅದು ನಿಮಗೆ ಗೊತ್ತೇ? ನೀವು ಬರುವುದು ಇವರಿಗಾಗಿಯೋ, ನಿಮಗಾಗಿಯೋ?

ಮಹಬೂಬಸಾಬರು ಆ ಮಖಮಲ್ಲಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸವರುತ್ತಿದ್ದರು. “ನಮಗಾಗೇ ಇರಬಹುದವ್ವ,” ಎಂದರು ಕೊನೆಗೆ. “ಈ ದನಿ ಬಿಟ್ರ ನಮಗರೆ ಏನೈತಿ. ಆದ್ರ ಖಾಜಾಣ್ಣಗ ತ್ರಾಸ ಆಗೂದಾದ್ರ ಬ್ಯಾಡ. ಇವತ್ತೊಂದಿನ ಕೇಳಸ್ತೀವಿ. ಮುಗೀತು.”

ನಾನು ಗೆದ್ದಿದ್ದೆ. ಕೊನೆಯ ಸಲವೆಂದು ರೇಷ್ಮಾ, ಬೇರೆ ಊರಲ್ಲಿದ್ದ ತನ್ನ ಅಣ್ಣನಿಗೆ ವಿಡಿಯೋ ಕಳಿಸಲು ಮೊಬೈಲು ಎತ್ತಿ ಹಿಡಿದು ನಿಂತಳು.

ಮಹಬೂಬಸಾಬರು ಗುಂಡಿ ಒತ್ತಿದರು. ನಾನು ಆ ಮೇಳವನ್ನು ಕೇಳಿದ್ದು ಅದೇ ಮೊದಲು. ಹೊಗಳಲು ನನಗೆ ಬರುವುದಿಲ್ಲ. ನಾಲ್ಕು ದನಿಗಳು ಒಂದರೊಳಗೊಂದು ಹೊಕ್ಕು, ಯಾವುದು ಯಾರದೆಂದು ತಿಳಿಯುವ ಮೊದಲೇ ಬೇರೆಯಾಗುತ್ತಿದ್ದವು. ನಡುನಡುವೆ ನಿಂಗಮ್ಮ ಪಿಸುದನಿಯಲ್ಲಿ ನನಗೆ ತಿಳಿಸುತ್ತಿದ್ದಳು. ಯಾವ ನುಡಿಯನ್ನು ಯಾರು ಎತ್ತಬೇಕೆಂದು ಇವರು ಮೊದಲೇ ಮಾತಾಡಿಕೊಳ್ಳುತ್ತಿರಲಿಲ್ಲವಂತೆ. ದಪ್ಪಿನವನು ಪಕ್ಕದವನನ್ನು ಎರಡು ಸಲ ತಟ್ಟಬೇಕು. ತಟ್ಟಿಸಿಕೊಂಡವನು ಎತ್ತಲೇಬೇಕು. ಮೇಳದಲ್ಲಿ ಅದು ಕಾನೂನು.

ಕ್ಯಾಸೆಟ್ಟಿನ ಕೊನೆಗೆ ಹಗೇವಿನ ಪದ ಬಂತು. ಹಗೇವೆಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಆಳದ ಕಣಜ. ಒಳಗಿನ ಕೆಟ್ಟ ಗಾಳಿಗೆ ಉಸಿರು ಕಟ್ಟಬಹುದೆಂದು ಇಳಿದವನನ್ನು ಮೇಲಿನವನು ಕೂಗುತ್ತಲೇ ಇರಬೇಕು, ಅವನು ಓಗೊಡುತ್ತಲೇ ಇರಬೇಕು. ಪದದ ಪಲ್ಲವಿಯೂ ಅದೇ: ‘ಕೂಗಿದರ ಓ ಅನ್ನೊ ಗೆಳೆಯಾ, ಹಗೇವಿನ ಒಳಗಿಂದ ಓ ಅನ್ನೊ.’ ನುಡಿಯ ಮೇಲೆ ನುಡಿ ಬಂದು, ಕೊನೆಯದಕ್ಕೆ ಮುಂಚೆ ಟೇಪು ಟಕ್ಕೆಂದು ನಿಂತಿತು.

“ರೀಲ್ ಸಾಲಲಿಲ್ಲ,” ಎಂದರು ಶಂಕ್ರಪ್ಪ. ರೆಕಾರ್ಡು ಮಾಡಿದ ದಿನ ಮೇಳದವರು, ಉಳಿದ ನುಡಿಯನ್ನು ಮುಂದಿನ ಕ್ಯಾಸೆಟ್ಟಿಗೆ ಹಾಕೋಣವೆಂದು ನಗುತ್ತ ಎದ್ದರಂತೆ. ಮುಂದಿನ ಕ್ಯಾಸೆಟ್ಟು ಆಗಲೇ ಇಲ್ಲ. ಕೊನೆಯ ನುಡಿಗೆ ಯಾವಾಗಲೂ ತಟ್ಟಿಸಿಕೊಳ್ಳುತ್ತಿದ್ದ ಮೇಳದ ಯಮನೂರಪ್ಪ ಅದೇ ಬೇಸಿಗೆಯಲ್ಲಿ ತೀರಿಕೊಂಡ. ಅಂದಿನಿಂದ ಅದನ್ನು ಯಾರೂ ಹಾಡಿಲ್ಲ. ಮೇಳದ ಉಳಿದವರು ಹಾಡಲಿಲ್ಲ, ಈ ಮೂವರು ಮನೆಯಲ್ಲಿ ಗುನುಗುವುದೂ ಇಲ್ಲ. ಅದು ಅವನದು. ಪದವನ್ನು ಅಲ್ಲಿಗೇ ಬಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂರುವುದು ಅವರ ವಾಡಿಕೆ. ಅಂದೂ ಕೂತರು.

ಆಗ ನನ್ನ ಭುಜದ ಮೇಲೆ ಎರಡು ಸಲ ತಟ್ಟಿತು.

ಖಾಜಾಸಾಬರ ಎಡಗೈ. ಮೆಲ್ಲಗೆ, ಆದರೆ ಲಯದಲ್ಲಿ. ನಾನು ತಿರುಗಿ ನೋಡಿದೆ. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು.

ಇಲ್ಲಿಂದ ಮುಂದೆ ಆದಷ್ಟು ಹುಷಾರಾಗಿ ಬರೆಯುತ್ತೇನೆ. ಮೈ ಜುಮ್ಮೆನ್ನಲಿಲ್ಲ. ಕಣ್ಣಿಗೆ ಕತ್ತಲೆ ಕವಿಯಲಿಲ್ಲ. ಪಕ್ಕದ ಮನೆಯ ಅತ್ತೆಯ ಬೈಗುಳ ಕೇಳುತ್ತಲೇ ಇತ್ತು. ಎರಡೊಂದ್ಲ ಎರಡು ಎಂದಾಗ ಮುಂದಿನದು ತಾನೇ ನಾಲಿಗೆಗೆ ಬರುವಂತೆ ಬಂತು. ಬಾಯಿ ತೆರೆದೆ, ಹಾಡಿದೆ:

‘ಹಗ್ಗ ಸುತ್ತಿಕೊಂಡು ಮನಿಗೆ ಹೋಗೊ ಗೆಳೆಯಾ
ಕತ್ತಲಿ ನನಗ ರೂಢಿ ಆಗೈತಿ
ಇನ್ನ ಮ್ಯಾಲೆ ನಾನ ಕೂಗತೀನಿ
ನೀ ಅಲ್ಲಿಂದ ಓ ಅನ್ನೊ.’

ಪಲ್ಲವಿಗೆ ಬರುವಷ್ಟರಲ್ಲಿ ಮೂವರೂ ದನಿಗೂಡಿಸಿದ್ದರು. ತಾವು ಹಾಡುತ್ತಿದ್ದೇವೆಂದು ಅವರಿಗೆ ತಿಳಿದಿತ್ತೋ ಇಲ್ಲವೋ. ಖಾಜಾಸಾಬರ ಕೈ ಮಂಚದ ಅಂಚಿನ ಮೇಲೆ ದಪ್ಪಿನ ಪೆಟ್ಟು ಹಾಕುತ್ತಿತ್ತು. ಮುಗಿದಾಗ ಅವರು ಕಣ್ಣು ಮುಚ್ಚಿದರು. ಆಮೇಲೆ ರೇಷ್ಮಾ ಹಾಲಲ್ಲಿ ಕಲಸಿ ಕೊಟ್ಟ ರೊಟ್ಟಿಯನ್ನು ಪೂರ್ತಿ ತಿಂದು, ಮಗುವಿನಂತೆ ನಿದ್ದೆ ಹೋದರು.

ಈ ನಡುವೆ ನಡುಮನೆಯಲ್ಲಿ ದೊಡ್ಡ ಜಗಳ. ನನ್ನ ಮೇಲಲ್ಲ, ಅವರವರಲ್ಲೇ.

“ಯಮನೂರಪ್ಪನ ನುಡಿ ಇಕೀಗೆ ನೀನ ಹೇಳಿಕೊಟ್ಟೀದಿ ನಿಂಗಿ! ನಿನ್ನ ಬಾಯಿ ಮೊದಲಿಂದನೂ ಸಡ್ಲ.”

“ನನ್ನ ಬಾಯಾಗ ಎಲಿ ಅಡಿಕಿ ಬಿಟ್ರ ಏನಿಲ್ಲ ಶಂಕ್ರಣ್ಣ. ನಿಮ್ಮ ಮಹಬೂಬಗ ಕೇಳು, ಮಿಷನ್ ತುಳಕೋತ ಹಾಡಿರಬೇಕು.”

“ಅಲ್ಲಾಹನ ಆಣಿ, ಒಂದಿನ ಹಾಡಿಲ್ಲ!”

ಮಹಬೂಬಸಾಬರ ಕಣ್ಣಲ್ಲಿ ನೀರಿತ್ತು. ಇಷ್ಟು ವರ್ಷ ಕಾದುಕೊಂಡು ಬಂದದ್ದನ್ನು ಯಾರೋ ಒಡೆದಿದ್ದಾರೆ ಎಂಬ ಸಂಕಟ. ನನಗೆ ಯಾರೂ ಹೇಳಿಕೊಟ್ಟಿಲ್ಲ ಎಂದೆ. ಅವರು ನಂಬಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ನೀವೂ ಈಗ ಏನೇನೋ ಯೋಚಿಸುತ್ತಿರುತ್ತೀರಿ. ಅದನ್ನೆಲ್ಲ ನಾನೂ ಯೋಚಿಸಿದ್ದೇನೆ. ಧಾಟಿ ಮೊದಲ ನುಡಿಗಳಿಂದ ಸಿಕ್ಕಿತ್ತು, ಮಾತನ್ನು ಅಲ್ಲೇ ಕಟ್ಟಿದೆ ಎನ್ನಬಹುದು. ವೇದಿಕೆಯಲ್ಲಿ ಆಶುಭಾಷಣ ಮಾಡಿದವಳಲ್ಲವೇ? ಆದರೆ ಕಟ್ಟಿದ್ದಾದರೆ ಆ ಮೂವರಿಗೆ ಗೊತ್ತಿದ್ದ ನುಡಿಯೇ ಹೇಗೆ ಬಂತು? ಆಸೆಯಿಂದ ಅವರಿಗೆ ಹಾಗೆ ಕೇಳಿಸಿರಬೇಕೆಂದು ಅದನ್ನೂ ಪರೀಕ್ಷಿಸಿದೆ. ಮೂವರನ್ನೂ ಬೇರೆ ಬೇರೆ ಕೂರಿಸಿ, ಹಾಡಬೇಡಿ, ಬರೀ ಮಾತಲ್ಲಿ ಹೇಳಿ ಎಂದೆ. ಒಲ್ಲದ ಮನಸ್ಸಿನಿಂದ ಹೇಳಿದರು. ಅಕ್ಷರ ಹೆಚ್ಚುಕಡಿಮೆ ಇಲ್ಲ. ಚಿಕ್ಕಂದಿನಲ್ಲಿ ಎಲ್ಲಾದರೂ ಕಿವಿಗೆ ಬಿದ್ದಿರಬಹುದೇ? ಯಮನೂರಪ್ಪ ತೀರಿಕೊಳ್ಳುವಾಗ ನಾನಿನ್ನೂ ಹುಟ್ಟಿರಲಿಲ್ಲ. ಅವ್ವನನ್ನು ಕೇಳಿದೆ. ಅವಳು ಅಕ್ಕಿ ಆರಿಸುತ್ತ ಸ್ವಲ್ಪ ಹೊತ್ತು ಯೋಚಿಸಿ, “ನೀ ಹೊಟ್ಟ್ಯಾಗಿದ್ದಾಗ ನಮ್ಮ ಓಣಿ ದರ್ಗಾದಾಗ ಯಾರೋ ದಪ್ಪು ಹಿಡಕೊಂಡು ಹಾಡ್ಯಾರ ನೋಡು. ನಾ ಮಾಳಗಿ ಮ್ಯಾಲೆ ಕುಂತು ಕೇಳೀನಿ. ಅವ್ರೋ ಬ್ಯಾರೆದವ್ರೋ ಯಾರಿಗ್ಗೊತ್ತು,” ಎಂದಳು. ಹೊಟ್ಟೆಯೊಳಗಿನ ಕೂಸು ಪದ ಕಲಿಯಿತು ಎಂದು ನನ್ನೆದುರು ಯಾರಾದರೂ ವಾದಿಸಿದ್ದರೆ ಅವರನ್ನು ಉಳಿಸುತ್ತಿರಲಿಲ್ಲ. ಅದನ್ನು ನಂಬುವುದಕ್ಕಿಂತ ದೆವ್ವವನ್ನು ನಂಬುವುದು ಸುಲಭ. ನಾನು ಎರಡನ್ನೂ ನಂಬಲಾರೆ.

ರೇಷ್ಮಾಳ ವಿಡಿಯೋ ಇದೆ. ಅದರಲ್ಲಿರುವುದು ನನ್ನದೇ ದನಿ, ತುಸು ಒಡಕು, ತುಸು ಅಪಸ್ವರ. ಅದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಅದನ್ನೇ ಕೇಳಿ ಕೇಳಿ ನುಡಿಯನ್ನು ಬಾಯಿಪಾಠ ಮಾಡಿದೆ. ಮುಂದಿನ ಶುಕ್ರವಾರವೂ ಹೋಗಬೇಕಾಯಿತು, ಏಕೆಂದರೆ ಖಾಜಾಸಾಬರು ಬಾಗಿಲ ಕಡೆ ಮುಖ ಮಾಡಿ ಮಲಗಿದ್ದಾರೆ, ತುತ್ತು ತೆಗೆದುಕೊಳ್ಳುತ್ತಿಲ್ಲ ಎಂದು ರೇಷ್ಮಾ ಫೋನ್ ಮಾಡಿದ್ದಳು. ಇನ್ನು ಬರುವುದಿಲ್ಲವೆಂದಿದ್ದ ಮೂವರನ್ನೂ ಅವಳೇ ಮತ್ತೆ ಕರೆಸಿದ್ದಳು. ಟೇಪು ನಿಂತಿತು. ಭುಜದ ಮೇಲೆ ತಟ್ಟಿತು. ಕಲಿತದ್ದನ್ನು ಹಿಂದಿನ ಸಲಕ್ಕಿಂತ ಚೆನ್ನಾಗಿಯೇ ಹಾಡಿದೆ. ಅವರು ಕೊನೆಯವರೆಗೂ ಕೇಳಿ, ತಲೆಯನ್ನು ನಿಧಾನವಾಗಿ ಆಚೀಚೆ ಆಡಿಸಿದರು. ಮತ್ತೆ ತಟ್ಟಿದರು.

ಅದೇ ಮಾತು, ಅದೇ ಧಾಟಿ, ಅದೇ ದನಿ. ಏನು ಕಡಿಮೆಯಾಯಿತೆಂದು ನನಗೆ ಗೊತ್ತಿಲ್ಲ. ನಿಂಗಮ್ಮ ಇಷ್ಟು ವರ್ಷದ ಕಟ್ಟು ಮುರಿದು ತಾನೇ ಹಾಡಿ ನೋಡಿದಳು. ಅದೂ ಅಲ್ಲ. ತಟ್ಟುವುದು ನನ್ನನ್ನೇ.

“ಮೊದಲ ಬರೇ ಮಂಚ ಬಡೀತಿದ್ದ,” ಎಂದಳು ರೇಷ್ಮಾ ಅಂದು ನನ್ನನ್ನು ಬಸ್ ಹತ್ತಿಸುವಾಗ. “ಈಗ ನಿನ್ನ ದಾರಿ ಕಾಯ್ತಾನ. ನಿನ್ನ ಕರಕೊಂಡು ಬಂದಾಕಿ ನಾನ. ಯಾರಿಗೆ ಏನಂತ ಅನ್ಲಿ?”

ಈಗ ಎರಡು ವರ್ಷದ ಮೇಲಾಯಿತು. ಖಾಜಾಸಾಬರು ಇನ್ನಷ್ಟು ಸೊರಗಿದ್ದಾರೆ. ನಾನು ಹೋದ ಶುಕ್ರವಾರ ನಾಲ್ಕು ತುತ್ತು ತಿನ್ನುತ್ತಾರೆ, ಹೋಗದಿದ್ದರೆ ಅದೂ ಇಲ್ಲ. ಹಾಗಾಗಿ ಹೋಗುತ್ತೇನೆ. ಮಹಬೂಬಸಾಬರು ಮಖಮಲ್ಲಿನ ಚೀಲ ಬಿಚ್ಚುತ್ತಾರೆ. ನನ್ನೊಡನೆ ವಾದಕ್ಕೆ ಈಗ ಯಾರೂ ಬರುವುದಿಲ್ಲ. ಶಂಕ್ರಪ್ಪ ನನ್ನನ್ನು ವಕೀಲ್ರ ಎಂದು ಕರೆಯುವುದನ್ನೂ ಬಿಟ್ಟಿದ್ದಾರೆ. ಪದ ಮುಗಿಯುವ ಮೊದಲು ಟೇಪು ನಿಲ್ಲುತ್ತದೆ, ನನ್ನ ಭುಜದ ಮೇಲೆ ಆ ಕೈ ಎರಡು ಸಲ ತಟ್ಟುತ್ತದೆ. ಬಾಯಿಪಾಠದ ನುಡಿಯನ್ನು ಬಿಟ್ಟು, ಅಂದಿನಂತೆ ಬರಲೆಂದು ನಾನು ಬಾಯಿ ತೆರೆದು ಕೂರುತ್ತೇನೆ. ಒಳಗಿನಿಂದ ಏನೂ ಬರುವುದಿಲ್ಲ. ಅವರು ಕಾಯುತ್ತಾರೆ, ನಾನೂ ಕಾಯುತ್ತೇನೆ. ಸ್ವಲ್ಪ ಹೊತ್ತಿನ ಮೇಲೆ ಅವರು ಮತ್ತೆ ತಟ್ಟುತ್ತಾರೆ.