ನಕ್ಕ ತಪ್ಪಿಗೆ

ಮುಕುಂದನಿಗೆ ರಾಜರೆಂದರೆ ಎಂದೂ ಭಯವಿರಲಿಲ್ಲ. ಇರುವುದಾದರೂ ಹೇಗೆ? ಕುಂದಾಪುರದ ಕಡೆಯ ಯಕ್ಷಗಾನ ಮೇಳವೊಂದರಲ್ಲಿ ಆರು ವರ್ಷದ ತಿರುಗಾಟ ಮಾಡಿದ ಹಾಸ್ಯಗಾರ ಅವನು. ಕಿರೀಟ ಕಟ್ಟಿಕೊಂಡು ಮೀಸೆ ತಿರುವುವ ರಾಜನ ಎದುರು ನಿಂತು, "ಪ್ರಭೂ, ನಿಮ್ಮ ರಾಜ್ಯದಲ್ಲಿ ಎಲ್ಲರೂ ಸೌಖ್ಯ, ಊಟವೊಂದು ಸಿಗುವುದಿಲ್ಲ ಅಷ್ಟೆ" ಎನ್ನುವ ಹಕ್ಕು ಹಾಸ್ಯಗಾರನೊಬ್ಬನಿಗೇ. ರಾಜವೇಷದವನು ಎಷ್ಟೇ ದೊಡ್ಡ ಕಲಾವಿದನಾಗಿರಲಿ, ಅದನ್ನು ಕೇಳಿಸಿಕೊಳ್ಳಲೇಬೇಕು. ಸಿಟ್ಟು ಮಾಡಿದರೆ ಮರ್ಯಾದೆ ಹೋಗುವುದು ರಾಜನದೇ. ಇದು ಮೇಳದ ಕ್ರಮ. ಐವತ್ತಾರು ವರ್ಷವಾಗುವವರೆಗೂ ಮುಕುಂದ ಇದನ್ನು ಇಡೀ ಲೋಕದ ಕ್ರಮವೆಂದೇ ತಿಳಿದಿದ್ದ.

ಲಂಡನ್ನಿಗೆ ಬಂದದ್ದು ಹೋಟೆಲಿನ ಅಡುಗೆಗೆ. ಮಂಡಿ ಸವೆದ ಮೇಲೆ ಅಲ್ಲೇ ಪಾರ್ಕ್ ರಾಯಲ್ ಎಂಬ ಬಡಾವಣೆಯ ಒಂದು ಮಸಾಲೆ ಕಾರ್ಖಾನೆ ಸೇರಿದ. ಅಲ್ಲಿ ತಯಾರಾಗುವುದು ಥಾಯ್ ಅಡುಗೆಯ ಮಸಾಲೆ; ಅದಕ್ಕೆ ಬೇಕಾದ ಲಿಂಬೆ ಎಲೆ ಬ್ಯಾಂಕಾಕಿನಿಂದಲೇ ಬರಬೇಕು. ಮಾಲೀಕ ಕಾಲಿನ್, ಅಚ್ಚ ಇಂಗ್ಲಿಷಿನವನು. ಎರಡು ಸಾವಿರದ ಹನ್ನೆರಡರಲ್ಲಿ ಇಲ್ಲಿನ ರಾಣಿ ಪಟ್ಟಕ್ಕೆ ಬಂದು ಅರವತ್ತು ವರ್ಷವಾದ ಸಂಭ್ರಮ ನಡೆದಾಗ, ಮುಕುಂದ ತನ್ನ ಹೆಂಡತಿ ಶೋಭಾಳ ಶಾಲು ಹೊದ್ದು, ಮೊಣಕೈಗೆ ಬ್ಯಾಗು ತೂಗುಹಾಕಿಕೊಂಡು, ರಾಣಿಯಂತೆ ಮಣಿಕಟ್ಟು ಮಾತ್ರ ಅಲ್ಲಾಡಿಸಿ ಕ್ಯಾಂಟೀನಿನ ತುಂಬ ಮೆರವಣಿಗೆ ಹೋಗಿದ್ದ. ಕಾಲಿನ್ ಹೊಟ್ಟೆ ಹಿಡಿದುಕೊಂಡು ನಕ್ಕು, ಕೇಕಿನ ದೊಡ್ಡ ತುಂಡನ್ನು ಅವನ ಕೈಗೆ ಕೊಟ್ಟಿದ್ದ. ಒಳ್ಳೆಯ ದೇಶ ಎಂದುಕೊಂಡ ಮುಕುಂದ.

ಅಂದು ಎಲ್ಲರಿಗಿಂತ ಹೆಚ್ಚು ನಕ್ಕವಳು ವಿಲಾಯ್. ಈರುಳ್ಳಿ ಸುಲಿಯುವ ವಿಭಾಗದ ಥಾಯ್ ಹೆಂಗಸು, ನಲವತ್ತೈದರ ಆಸುಪಾಸು. ಬಾಯಿಗೆ ಅಂಗೈ ಒತ್ತಿ, ಭುಜ ಕುಣಿಸಿ ನಗುತ್ತಿದ್ದಳು. ಮುಕುಂದನನ್ನು 'ಪೀ' ಎಂದು ಕರೆಯುತ್ತಿದ್ದಳು. ಅವರ ಭಾಷೆಯಲ್ಲಿ ಅಣ್ಣ ಎಂದಂತೆ. ಊರಲ್ಲಿ ಅವಳ ತಾಯಿಗೆ ಕಿಡ್ನಿ ಕೈಕೊಟ್ಟಿತ್ತು. ಎರಡು ಸಾವಿರದ ಹದಿನಾರರ ಡಿಸೆಂಬರಿಗೆ ಟಿಕೆಟ್ ಮಾಡಿಸಿ, ಅದನ್ನು ಮುಕುಂದನಿಗೂ ತೋರಿಸಿದ್ದಳು.

ಆ ವರ್ಷದ ಅಕ್ಟೋಬರಿನಲ್ಲಿ ಥಾಯ್ಲೆಂಡಿನ ಮುದಿ ದೊರೆ ತೀರಿಕೊಂಡ. ಕ್ಯಾಂಟೀನಿನ ಗೋಡೆಗೆ ಭಾವಚಿತ್ರ ಬಂತು, ಕೆಳಗೆ ಬಿಳಿ ಹೂವು. ಎಲ್ಲರ ತೋಳಿಗೂ ಕಪ್ಪು ಪಟ್ಟಿ. ಮುಕುಂದ ಎರಡು ಮಾತಾಡದೆ ಕಟ್ಟಿಕೊಂಡ. ಸತ್ತವರಿಗೆ ಮರ್ಯಾದೆ ಕೊಡಬಾರದೆಂದು ಯಾರು ಹೇಳುತ್ತಾರೆ? ಆದರೆ ಮಾರನೆಯ ದಿನ ಸಂತಾಪದ ಪುಸ್ತಕವೂ ಬಂತು, ಜೊತೆಗೊಂದು ಹೆಸರಿನ ಪಟ್ಟಿ. ಯಾರು ಸಹಿ ಹಾಕಿದರು, ಯಾರು ಹಾಕಲಿಲ್ಲ ಎಂದು ಸೂಪರ್‌ವೈಸರ್ ಗುರುತು ಹಾಕತೊಡಗಿದಳು. ಅಳುವುದಕ್ಕೂ ಹಾಜರಿ! ಮುಕುಂದನ ನಾಲಿಗೆ ತುರಿಸಿತು.

ಮಧ್ಯಾಹ್ನ ಊಟದ ಹೊತ್ತಿಗೆ ದೊಡ್ಡ ಸೌಟನ್ನು ರಾಜದಂಡ ಮಾಡಿಕೊಂಡು ಎದ್ದುನಿಂತ. ಯಾವ ದೊರೆಯ ಹೆಸರನ್ನೂ ಎತ್ತಲಿಲ್ಲ. "ನಮ್ಮ ರಾಜ್ಯದಲ್ಲಿ ಅಳದವನು ಯಾರು?" ಎಂದು ರಾಜನಾಗಿ ಗುಡುಗಿದ. ಪಕ್ಕಕ್ಕೆ ಹಾರಿ, ಸೊಂಟ ಬಗ್ಗಿಸಿ ಹಾಸ್ಯಗಾರನಾದ. "ಪ್ರಭೂ, ಬೆಳಿಗ್ಗೆ ಆರರಿಂದ ಈರುಳ್ಳಿ ಸುಲಿದು ಎರಡು ಬಕೆಟ್ ಅತ್ತಿದ್ದೇನೆ. ಅದನ್ನೇ ನನ್ನ ಲೆಕ್ಕಕ್ಕೆ ಬರೆದುಕೊಳ್ಳಿ."

ಕ್ಯಾಂಟೀನು ಬಿದ್ದು ಬಿದ್ದು ನಕ್ಕಿತು. ವಿಲಾಯ್ ಕೂಡ ನಕ್ಕಳು, ಬಾಯಿಗೆ ಅಂಗೈ ಒತ್ತಿ. ಪ್ಯಾಕಿಂಗಿನ ಗೋಪೀನಾಥ ಅದನ್ನು ಫೋನಿನಲ್ಲಿ ಹಿಡಿದ. ಮುಕುಂದ ಸಂಜೆ ಆ ವಿಡಿಯೊವನ್ನು ಫೇಸ್‌ಬುಕ್ಕಿಗೆ ಹಾಕಿ, ವಿಲಾಯ್‌ಳ ಹೆಸರನ್ನೂ ಟ್ಯಾಗ್ ಮಾಡಿದ. ಹಾಸ್ಯಗಾರನಿಗೆ ಬಿರುದೆಂದರೆ ನಕ್ಕವರ ಮುಖ. ಆ ಮುಖವನ್ನು ನಾಲ್ಕು ಜನಕ್ಕೆ ತೋರಿಸದಿದ್ದರೆ ಅವನಿಗೆ ನಿದ್ದೆ ಎಲ್ಲಿ ಬರಬೇಕು? ಅವಳ ತಲೆಯ ಹಿಂದೆ ಭಾವಚಿತ್ರ ಕಾಣುತ್ತಿದ್ದುದನ್ನು ಅವನು ಗಮನಿಸಲೇ ಇಲ್ಲ.

ಮೂರನೆಯ ದಿನ ವಿಲಾಯ್ ಬಾಣಲೆಯ ಪಕ್ಕ ಬಂದು ನಿಂತಳು. ಫೋನನ್ನು ಅವನ ಮುಂದೆ ಹಿಡಿದಳು. ಫೋನಿನಲ್ಲಿ ಅವಳ ನಗುವ ಮುಖದ ಸುತ್ತ ಕೆಂಪು ವೃತ್ತ. ಕೆಳಗೆ ಅವನಿಗೆ ಓದಲು ಬಾರದ ಅಕ್ಷರಗಳು, ಸಾವಿರಾರು ಸಾಲು.

"ಏನು ಬರೆದಿದ್ದಾರೆ?"

"ನಾನು ಎಂಥವಳು ಅಂತ. ನನ್ನ ಹಳ್ಳಿ ಯಾವುದು ಅಂತ. ಅಮ್ಮನ ಮನೆಯ ಫೋಟೊ ಕೂಡ ಹಾಕಿದ್ದಾರೆ, ಪೀ." ದೊರೆಯನ್ನು ಅವಮಾನಿಸಿದರೆ ಒಂದೊಂದು ತಪ್ಪಿಗೂ ಮೂರರಿಂದ ಹದಿನೈದು ವರ್ಷ ಜೈಲು ಎಂದು ಅವಳು ಹೇಳಿದಳು.

"ನೀನು ಒಂದು ಮಾತೂ ಆಡಲಿಲ್ಲವಲ್ಲ ಮಾರಾಯ್ತಿ!"

"ನಕ್ಕೆನಲ್ಲ. ಲೈಕ್ ಒತ್ತಿದವರ ಮೇಲೂ ಕೇಸಾಗಿದೆ. ಯಾರು ಬೇಕಾದರೂ ದೂರು ಕೊಡಬಹುದು. ಪೊಲೀಸರು ಆಗುವುದಿಲ್ಲ ಅನ್ನುವುದಿಲ್ಲ. ಹಾಗೆ ಅಂದರೆ ಅವರ ಭಕ್ತಿಯ ಮೇಲೇ ಅನುಮಾನ ಬರುತ್ತದೆ."

ಮುಕುಂದ ಸೌಟನ್ನು ಬಾಣಲೆಗೆ ಕುಕ್ಕಿದ. ಕೋಟಿಗಟ್ಟಲೆ ಜನ ದೇವರೆನ್ನುವ ಮನುಷ್ಯನಿಗೆ ಈರುಳ್ಳಿ ಸುಲಿಯುವ ಹೆಂಗಸಿನ ಒಂದು ನಗುವಿನಿಂದ ಏನು ಕಮ್ಮಿಯಾಗುತ್ತದೆ? ಜೈಲಿನ ಹೆದರಿಕೆ ಹಾಕಿ ವಸೂಲು ಮಾಡುವ ಗೌರವವೂ ಒಂದು ಗೌರವವೇ? ಆ ಹೇಸಿಗೆಗೆ ಎಂಥ ಒಳ್ಳೆಯ ಹೆಸರು ಇಟ್ಟುಕೊಂಡಿದ್ದಾರೆ ನೋಡಿ, ಕಾನೂನು! ಕೂಡಲೇ ವಿಡಿಯೊ ಅಳಿಸಿದ. ಅಷ್ಟರಲ್ಲಿ ಅದು ಯಾರ ಯಾರ ಫೋನಿಗೆ ಹೋಗಿ ಕೂತಿತ್ತೋ.

ಕಾಲಿನ್ ಇಬ್ಬರನ್ನೂ ಆಫೀಸಿಗೆ ಕರೆಸಿದ. "ಇದು ಸ್ವತಂತ್ರ ದೇಶ, ಮುಕುಂದ. ನಿನ್ನ ಬಾಯಿಗೆ ಯಾರೂ ಬೀಗ ಹಾಕುತ್ತಿಲ್ಲ. ಆದರೆ ಸ್ವಲ್ಪ ಮರ್ಯಾದೆ ಬೇಡವೇ?"

"ರಾಣಿಯ ವೇಷ ಹಾಕಿದಾಗ ಕೇಕು ಕೊಟ್ಟಿರಲ್ಲ?"

"ಅವಳು ನಮ್ಮ ರಾಣಿ. ಅವಳಿಂದ ನಾವು ಲಿಂಬೆ ಎಲೆ ತರಿಸುವುದಿಲ್ಲ."

ಹೇಳಿದ ಮೇಲೂ ಅವನ ಮುಖದಲ್ಲಿ ನಾಚಿಕೆಯ ಸುಳಿವಿರಲಿಲ್ಲ. ಬ್ಯಾಂಕಾಕಿನ ಸಪ್ಲೈಯರ್ ಒಂದು ದಾರಿ ತೋರಿಸಿದ್ದನಂತೆ. ಇಬ್ಬರೂ ಭಾವಚಿತ್ರದ ಮುಂದೆ ಅಡ್ಡಬಿದ್ದು ತಪ್ಪಾಯಿತೆನ್ನಬೇಕು. ಅದರ ವಿಡಿಯೊವನ್ನು ಅವನು ದೊಡ್ಡವರಿಗೆ ತೋರಿಸಿ ವಿಷಯ ಮುಗಿಸುತ್ತಾನೆ. ವಿಲಾಯ್ ಆರಾಮವಾಗಿ ಊರಿಗೆ ಹೋಗಿ ಬರಬಹುದು.

ಮನೆಯಲ್ಲಿ ಮುಕುಂದ ಅನ್ನದ ತಟ್ಟೆ ಮುಟ್ಟಲಿಲ್ಲ. ಶೋಭಾ ಗದರಿದಳು. "ಹ್ವಾಯ್, ನಿಮ್ಗೆ ಎಂತಾಯ್ತ್? ಆ ಹೆಂಗ್ಸಿಗೆ ಅಮ್ಮನ್ ಕಾಂಬುಕೆ ಹೋಯ್ಕ್ ಅಲ್ದಾ? ರಂಗಸ್ಥಳದಗೆ ಸಾವ್ರ ಸಲ ಅಡ್ಡ ಬಿದ್ದಿದ್ರಿ. ಇನ್ನೊಂದ್ ಸಲ ಬಿದ್ರೆ ಎಂತ ಆತ್ತ್?"

"ಅಲ್ಲಿ ಬಿದ್ದದ್ದ್ ನಗ್ಸುಕೆ, ಶೋಭಾ. ಇಲ್ಲಿ ಬೀಳುದ್ ಹೆದ್ರಿ."

"ಹೆದ್ರಿಯೇ ಬೀಳಿ. ಟ್ಯಾಗ್ ಮಾಡಿದ್ದ್ ನೀವೇ ಅಲ್ದಾ?"

ಮುಕುಂದ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ.

ಮಾರನೆಯ ದಿನ ಬಿದ್ದ. ನೆಲದಿಂದ ಬ್ಲೀಚಿನ ವಾಸನೆ ಮೂಗಿಗೆ ಹೊಡೆಯಿತು. ಮೇಳದಲ್ಲಿ ಅಡ್ಡಬಿದ್ದಾಗಲೆಲ್ಲ ತಲೆ ಓರೆ ಮಾಡಿ, ಒಂದೇ ಕಣ್ಣು ತೆರೆದು ಜನರತ್ತ ನೋಡುವುದು ಅವನ ವರಸೆ. ಹಳೆಯ ಅಭ್ಯಾಸಕ್ಕೆ ಕತ್ತು ತಾನಾಗಿಯೇ ಏಳಹೊರಟಿತು. ಹಲ್ಲು ಕಚ್ಚಿ ಕೆಳಗೆ ಒತ್ತಿಕೊಂಡ. ಪಕ್ಕದಲ್ಲಿ ವಿಲಾಯ್ ತನ್ನ ಭಾಷೆಯಲ್ಲಿ ಏನೋ ಹೇಳುತ್ತಿದ್ದಳು.

"ಇನ್ನೊಂದು ಸಲ," ಎಂದ ಕಾಲಿನ್, ಫೋನು ಕೆಳಗಿಳಿಸಿ. "ಹೂವು ಸರಿಯಾಗಿ ಬಂದಿಲ್ಲ."

ಇಬ್ಬರೂ ಇನ್ನೊಂದು ಸಲ ಬಿದ್ದರು. ಎದ್ದ ಮೇಲೆ ಮುಕುಂದ ಸಿಂಕಿನ ಬಳಿ ಹೋಗಿ ಎಷ್ಟು ಬಾಯಿ ಮುಕ್ಕಳಿಸಿದರೂ ಆ ಬ್ಲೀಚಿನ ವಾಸನೆ ಹೋಗಲಿಲ್ಲ. ಇರಲಿ, ಅವಳು ತಾಯಿಯ ಮುಖ ನೋಡುತ್ತಾಳಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಎರಡು ವಾರದಲ್ಲಿ ವಿಲಾಯ್‌ಳ ತಮ್ಮ ಊರಿನಿಂದ ಫೋನು ಮಾಡಿದ. ಗುರುತು ಪರಿಚಯವಿಲ್ಲದ ಯಾವನೋ ದೂರು ಕೊಟ್ಟಿದ್ದ. ದೂರಿನ ಜೊತೆ ಲಗತ್ತಿಸಿದ್ದು ನಗುವ ವಿಡಿಯೊ ಅಲ್ಲ, ಸಪ್ಲೈಯರನ ಕೈಯಿಂದ ಎಲ್ಲೆಲ್ಲೋ ಹರಡಿದ್ದ ಅಡ್ಡಬಿದ್ದ ವಿಡಿಯೊ. ತಪ್ಪು ಮಾಡಿದ್ದನ್ನು ಅವಳೇ ಒಪ್ಪಿಕೊಂಡಿದ್ದಾಳಲ್ಲ, ಇನ್ನೇನು ಸಾಕ್ಷಿ ಬೇಕು? ಪೊಲೀಸರು ಮನೆಗೆ ಬಂದು, ಮಗಳು ಯಾವಾಗ ಬರುತ್ತಾಳೆಂದು ಹಾಸಿಗೆ ಹಿಡಿದ ಮುದುಕಿಯನ್ನೇ ಕೇಳಿ ಹೋಗಿದ್ದರು. "ಬರಬೇಡ ಅಕ್ಕ" ಎಂದನಂತೆ ತಮ್ಮ. ಮುಕುಂದ ಕಾಲಿನ್‌ನ ಆಫೀಸಿಗೆ ನುಗ್ಗಿದ. ಕಾಲಿನ್ ಕೈ ಚೆಲ್ಲಿ, "ನಾವು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು" ಎಂದ. ಅವನ ಹಿಂದೆ ಲಿಂಬೆ ಎಲೆಯ ಡಬ್ಬಗಳನ್ನು ಒಪ್ಪವಾಗಿ ಜೋಡಿಸಿಟ್ಟಿದ್ದರು.

ಜನವರಿಯಲ್ಲಿ ತಾಯಿ ತೀರಿಕೊಂಡಳು. ದಹನದ ದಿನ ಇಲ್ಲಿ ಬೆಳಗಿನ ಚಹಾದ ಹೊತ್ತು, ಅಲ್ಲಿ ಆಗಲೇ ಸಂಜೆ. ವಿಲಾಯ್ ಕ್ಯಾಂಟೀನಿನ ಮೂಲೆಯಲ್ಲಿ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ, ತಮ್ಮ ತೋರಿಸುತ್ತಿದ್ದ ಚಿತೆಯನ್ನು ನೋಡಿದಳು. ಮುಕುಂದ ಪಕ್ಕದಲ್ಲಿ ನಿಂತಿದ್ದ. ಕೂರಲು ಅವನಿಗೆ ಮುಖವಿರಲಿಲ್ಲ. ಎದುರು ಗೋಡೆಯಲ್ಲಿ ಭಾವಚಿತ್ರ ಹಾಗೇ ಇತ್ತು. ಅವಳು ಅಳಲಿಲ್ಲ. ಪರದೆ ಕಪ್ಪಾದ ಮೇಲೆ ಹೇಳಿದಳು:

"ಪೀ, ಆ ಈರುಳ್ಳಿಯದ್ದು ಒಮ್ಮೆ ಮಾಡು. ಅಮ್ಮನಿಗೆ ಫೋನಿನಲ್ಲಿ ಹೇಳಿದ್ದೆ. ತುಂಬಾ ನಕ್ಕಿದ್ದಳು."

ಮುಕುಂದ ಸೌಟು ತೆಗೆದುಕೊಂಡ. ಎದೆ ಉಬ್ಬಿಸಿದ. ಬಾಯಿ ತೆರೆಯುವ ಮೊದಲು ಅವನ ಕತ್ತು ತಿರುಗಿ ಬಾಗಿಲನ್ನು ನೋಡಿತು, ಆಮೇಲೆ ಸೂಪರ್‌ವೈಸರಳನ್ನು, ಆಮೇಲೆ ಗೋಪೀನಾಥನ ಕೈಯಲ್ಲಿ ಫೋನಿದೆಯೇ ಎಂದು. ಗೋಪೀನಾಥ ಬಾಳೆಹಣ್ಣು ತಿನ್ನುತ್ತಿದ್ದ.

ವಿಲಾಯ್ ಅವನು ನೋಡಿದ್ದನ್ನೆಲ್ಲ ನೋಡಿದಳು. "ಬೇಡ ಬಿಡು" ಎಂದು ಕೈಗವಸು ಹಾಕಿಕೊಂಡು ಈರುಳ್ಳಿಯ ಕಡೆಗೆ ಹೋದಳು.

ಥೂ, ಎನ್ನಿಸಿತು ಮುಕುಂದನಿಗೆ. ಆ ಕಾನೂನಿನ ಮೇಲೆ, ಕಾಲಿನ್‌ನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಕೇಳದೆಯೇ ತಿರುಗಿದ ತನ್ನ ಕತ್ತಿನ ಮೇಲೆ. ಆ ಕತ್ತು ಹೆದರಿದ ಥಾಯ್ಲೆಂಡನ್ನು ಅವನು ಜನ್ಮದಲ್ಲಿ ಕಂಡವನಲ್ಲ.