ಶೇಕಡಾ ಹತ್ತರ ತಕರಾರು

ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದಾಗ ನಾನು ಮುಂಬೈ ಉಪನಗರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಸಿಮ್ಯುಲೇಶನ್ ವಿಭಾಗದ ಮುಖ್ಯಸ್ಥನಾಗಿದ್ದೆ. ಕಣಗಳನ್ನು ಡಿಕ್ಕಿ ಹೊಡೆಸುವ ಕೊಲೈಡರ್ ಪ್ರಯೋಗಗಳಲ್ಲಿ ಮ್ಯುವಾನ್ ಎಂಬ ಕಣ ಸಾಗಿದ ದಾರಿಯನ್ನು ಅನಿಲ ತುಂಬಿದ ಡಿಟೆಕ್ಟರ್ ಹಿಡಿಯುತ್ತದೆ. ಕಣ ಹಾದಾಗ ಅನಿಲದಿಂದ ಕಳಚಿದ ಇಲೆಕ್ಟ್ರಾನುಗಳು ಒಳಗಿನ ತಂತಿಯನ್ನು ತಲುಪಲು ಹಿಡಿದ ಸಮಯದಿಂದ ದಾರಿ ಗೊತ್ತಾಗುತ್ತದೆ. ಆ ಸಮಯವನ್ನು ಕಂಪ್ಯೂಟರಿನಲ್ಲಿ ಮೊದಲೇ ಲೆಕ್ಕ ಹಾಕುವುದು ನಮ್ಮ ಕೆಲಸ.

ರೆಹಾನಾ ನನ್ನ ಪಿಎಚ್‌ಡಿ ವಿದ್ಯಾರ್ಥಿನಿ. ವಿಜಯಪುರದ ಕಡೆಯವಳು, ಮುಂಬೈಯ ಭಾಂಡುಪ್‌ನಿಂದ ಓಡಾಡುತ್ತಿದ್ದಳು. ಲ್ಯಾಬಿನಲ್ಲಿ ಅವಳು ಅಳೆದ ಸಮಯ ನನ್ನ ಲೆಕ್ಕಕ್ಕಿಂತ ಶೇಕಡಾ ಹತ್ತು ಹೆಚ್ಚು ಬರುತ್ತಿತ್ತು. ಮೂರು ತಿಂಗಳು ಪ್ರೋಗ್ರಾಮ್ ಜಾಲಾಡಿದರೂ ತಪ್ಪು ಸಿಗದೆ ನನಗೆ ತಲೆ ಚಿಟ್ಟು ಹಿಡಿದಿತ್ತು. ಶುಕ್ರವಾರ ಅವಳ ಪಿಎಚ್‌ಡಿ ಪ್ರಗತಿ ನೋಡುವ ಸಮಿತಿಯ ಸಭೆ. ಅಂಕೆಗಳು ಹೊಂದದಿದ್ದರೆ ಅವಳ ಪ್ರಬಂಧದ ಮುಖ್ಯ ಅಧ್ಯಾಯವೇ ಬಿದ್ದುಹೋಗಿ ಇನ್ನೊಂದು ವರ್ಷ ಹಾಳು.

"ಲೆಕ್ಕವನ್ನು ಒಂದು ಪಾಯಿಂಟ್ ಒಂದರಿಂದ ಗುಣಿಸಿ ಮುಗಿಸಮ್ಮ," ಎಂದೆ.

"ಯಾಕ ಗುಣಿಸಿದಿ ಅಂತ ವೈವಾದಾಗ ಕೇಳಿದ್ರ ಏನ್ ಹೇಳ್ಲಿ ಸರ್?"

ನನಗೆ ಸಿಟ್ಟು ಬಂತು. ನಿನ್ನ ಅಳತೆಯೇ ತಪ್ಪು ಎಂದು ರೇಗಿ, ಆ ಅಧ್ಯಾಯ ಕೈಬಿಡೋಣವೆಂದು ಸಮಿತಿಗೆ ಮೇಲ್ ಕಳಿಸಿದೆ. ಅವಳ ತಪ್ಪನ್ನು ಹಿಡಿದು ತೋರಿಸಿಯೇ ತೀರುತ್ತೇನೆಂದು ಎರಡು ಮಹಡಿ ಇಳಿದು ಲ್ಯಾಬಿಗೆ ಹೋದೆ. ಆ ಮೂರು ತಿಂಗಳಲ್ಲಿ ಅದೇ ಮೊದಲ ಸಲ.

ಅನಿಲದ ಸಿಲಿಂಡರಿನಿಂದ ಡಿಟೆಕ್ಟರಿಗೆ ಸ್ಟೀಲ್ ಪೈಪ್ ಇರಬೇಕಿತ್ತು. ಇದ್ದದ್ದು ಕೋಣೆಯ ಉದ್ದಕ್ಕೂ ಎಳೆದ ಪ್ಲಾಸ್ಟಿಕ್ ಟ್ಯೂಬ್. ಇದು ಯಾವಾಗಿನದು ಎಂದು ಉಡುಪಿ ಕಡೆಯ ಟೆಕ್ನಿಶಿಯನ್ ಸದಾನಂದರನ್ನು ಕೇಳಿದೆ.

"ಸ್ಟೀಲಿಂದು ಲೀಕ್ ಆಯ್ತಲ್ಲ ಸರ್, ರೆಹಾನಾ ಬರುವ ಮೊದಲೇ. ತಾತ್ಕಾಲಿಕ ಅಂತ ಹಾಕಿದ್ದು. ಬಾಗಿಲಲ್ಲಿ ಬರೆದು ಅಂಟಿಸಿದ್ದೇನೆ ಮಾರಾಯ್ರೆ, ನೀವು ಈ ಕಡೆ ಬರುವುದೇ ಇಲ್ಲ."

ಹಣೆ ಚಚ್ಚಿಕೊಳ್ಳುವಂತಾಯಿತು. ಪ್ಲಾಸ್ಟಿಕ್ ಮೂಲಕ ತೇವ ಒಳನುಸುಳುತ್ತದೆ, ಅದೂ ಮುಂಬೈಯ ಜುಲೈಯಲ್ಲಿ. ನೀರಾವಿ ಬೆರೆತರೆ ಇಲೆಕ್ಟ್ರಾನುಗಳ ವೇಗ ತಗ್ಗುತ್ತದೆ. ನಾನು ಲೆಕ್ಕ ಹಾಕಿದ್ದು ಒಣ ಅನಿಲಕ್ಕೆ. ತೇವವನ್ನು ಅಳೆದು, ಪ್ರೋಗ್ರಾಮಿನಲ್ಲೂ ಅಷ್ಟೇ ನೀರಾವಿ ಸೇರಿಸಿ ಮತ್ತೆ ಲೆಕ್ಕ ಮಾಡಿದಾಗ ಮರುದಿನ ಮಧ್ಯಾಹ್ನ ಎರಡೂ ಅಂಕೆಗಳು ಕೂಡಿದವು. ರೆಹಾನಾ ಹಿಗ್ಗಲಿಲ್ಲ.

"ಮೇಲ್ ಹೋಗೇತಲ್ಲ ಸರ್," ಎಂದಳು.

ಶುಕ್ರವಾರ ಸಮಿತಿಯ ಮುಂದೆ ಎದ್ದು ನಿಂತು, ಅವಳ ಅಳತೆ ಸರಿ, ನನ್ನ ಸಿಮ್ಯುಲೇಶನ್ ತಪ್ಪು ಎಂದು ಹೇಳಿದೆ. ಅಧ್ಯಾಯ ಉಳಿಯಿತು. ಅಂಕೆ ಹೊಂದದಿದ್ದರೆ ಮೊದಲು ಹೋಗಿ ನೋಡಬೇಕು, ಬೈಯುವುದು ಆಮೇಲೆ. ಈ ಕೆಲಸ ನನಗೆ ಕಲಿಸಿದ್ದು ಅಷ್ಟೇ, ಅದೂ ತೀರ ತಡವಾಗಿ. ಸಮಿತಿಯೆದುರು ತಪ್ಪು ಒಪ್ಪಿಕೊಳ್ಳುವುದು ಕಷ್ಟವಾಗಲಿಲ್ಲ. ರೆಹಾನಾಳ ಬಳಿ ಕ್ಷಮೆ ಕೇಳಲು ಮಾತ್ರ ನನಗೆ ಇನ್ನೂ ಮೂರು ವಾರ ಹಿಡಿಯಿತು.